ಬೋಸ್ನಿಯಾ: ತಡೆಯುವವನೇ ದೊರೆ

2025ರ ಆಗಸ್ಟ್‌ನಲ್ಲಿ ಬೋಸ್ನಿಯಾದ ಸರ್ಬ್ ಘಟಕವಾದ ರಿಪಬ್ಲಿಕಾ ಸರ್ಪ್ಸ್ಕಾದ ಅಧ್ಯಕ್ಷ ಮಿಲೊರಾಡ್ ದೊಡಿಕ್ ಕುರ್ಚಿ ಕಳೆದುಕೊಂಡರು. ದೇಶದ ಮೇಲಿರುವ ವಿದೇಶಿ ಮೇಲ್ವಿಚಾರಕರ ಆದೇಶ ಧಿಕ್ಕರಿಸಿದ್ದಕ್ಕೆ ಒಂದು ವರ್ಷ ಜೈಲು, ಆರು ವರ್ಷ ಯಾವ ಹುದ್ದೆಯನ್ನೂ ಹಿಡಿಯುವಂತಿಲ್ಲ ಎಂದು ಫೆಬ್ರುವರಿಯಲ್ಲಿ ಬಂದಿದ್ದ ತೀರ್ಪನ್ನು ಮೇಲ್ಮನವಿ ಪೀಠ ಎತ್ತಿಹಿಡಿಯಿತು. ಕೂಡಲೇ ಚುನಾವಣಾ ಆಯೋಗ ಅವರ ಅಧ್ಯಕ್ಷ ಸ್ಥಾನವನ್ನು ರದ್ದು ಮಾಡಿತು. ಕಾನೂನಿನಲ್ಲೇ ಇದ್ದ ಅವಕಾಶ ಬಳಸಿ ಅವರು ಜೈಲಿನ ಬದಲು ದಂಡ ಕಟ್ಟಿದರು. ಅಕ್ಟೋಬರ್ ಕೊನೆಯಲ್ಲಿ ಅಮೆರಿಕ, 2017ರಿಂದ ಅವರ ಮೇಲೆ ಹೇರಿದ್ದ ನಿರ್ಬಂಧಗಳನ್ನು ತೆಗೆದುಹಾಕಿತು. ನವೆಂಬರ್‌ನಲ್ಲಿ ತೆರವಾದ ಸ್ಥಾನಕ್ಕೆ ಮತದಾನ ನಡೆದಾಗ ಮೊದಲ ಎಣಿಕೆಯಲ್ಲಿ ಅಲ್ಪ ಅಂತರದಿಂದ ಮುಂದೆ ಬಂದವರು ಅವರದೇ ಪಕ್ಷದ ಸಿನಿಶಾ ಕರಾನ್. ಕುರ್ಚಿ ಹೋಯಿತು, ಹಿಡಿತ ಹೋಗಲಿಲ್ಲ.

ಹೊರಗಿನ ಪತ್ರಿಕೆಗಳು ಈ ಪ್ರಸಂಗವನ್ನು ಎಂದಿನ ಧಾಟಿಯಲ್ಲೇ ಬರೆದವು. ಸರ್ಬರು ದೇಶ ಒಡೆಯಲು ಹೊರಟಿದ್ದಾರೆ, ಬೋಸ್ನಿಯಾಕ್ ಮುಸ್ಲಿಮರು ಆತಂಕದಲ್ಲಿದ್ದಾರೆ, ಕ್ರೊಯೇಟರು ತಮ್ಮ ಪಾಲಿಗೆ ಕಾದಿದ್ದಾರೆ, ಬಾಲ್ಕನ್ನಿನ ಹಳೆಯ ದ್ವೇಷ ಮತ್ತೆ ಹೆಡೆಯೆತ್ತಿದೆ ಎಂದು. ನನಗೆ ಈ ವಿವರಣೆ ಸಾಲದು. ದ್ವೇಷವೇ ಎಲ್ಲವನ್ನೂ ನಡೆಸುತ್ತಿದ್ದರೆ ಮೂರೂ ಕಡೆಯ ಪಕ್ಷಗಳು ವರ್ಷಗಟ್ಟಲೆ ಒಟ್ಟಿಗೆ ಸರ್ಕಾರ ನಡೆಸಲು ಆಗುತ್ತಿರಲಿಲ್ಲ. ಚುನಾವಣೆಗೆ ಮುಂಚೆ ಬೈದಾಡಿಕೊಂಡವರು ಆಮೇಲೆ ಒಂದೇ ಮೇಜಿಗೆ ಕೂತು ಖಾತೆ ಹಂಚಿಕೊಳ್ಳುತ್ತಾರೆ. ಆ ದೇಶದಲ್ಲಿ ಅಧಿಕಾರದ ನಿಜವಾದ ಬೆಲೆ ಇರುವುದು ಒಂದು ಕೆಲಸವನ್ನು ಆಗದಂತೆ ನಿಲ್ಲಿಸುವುದರಲ್ಲಿ. ಹಾಗೆ ನಿಲ್ಲಿಸಿ ಕಾಪಾಡಿಕೊಳ್ಳುವುದಾದರೂ ಏನನ್ನು? ಕಮ್ಯುನಿಸ್ಟ್ ಪ್ರಭುತ್ವ ಬಿಟ್ಟುಹೋದ ಕಂಪನಿ, ಕಾಡು, ಕಟ್ಟಡ, ನೌಕರಿಗಳಲ್ಲಿ ತಮ್ಮ ತಮ್ಮ ಪಾಲನ್ನು.

ಬೋಸ್ನಿಯಾ-ಹರ್ಜೆಗೋವಿನಾ ದೊಡ್ಡ ದೇಶವೇನಲ್ಲ. ವಿಸ್ತೀರ್ಣ 51,000 ಚದರ ಕಿಲೋಮೀಟರಿಗೆ ತುಸು ಹೆಚ್ಚು, ಅಂದರೆ ಕರ್ನಾಟಕದ ಕಾಲುಭಾಗಕ್ಕಿಂತ ಸ್ವಲ್ಪ ದೊಡ್ಡದು. 2013ರ ಜನಗಣತಿಯಂತೆ ಜನಸಂಖ್ಯೆ 35 ಲಕ್ಷ. ಅವರಲ್ಲಿ ಶೇ 50ರಷ್ಟು ಬೋಸ್ನಿಯಾಕರು, ಸುಮಾರು ಶೇ 31 ಸರ್ಬರು, ಶೇ 15 ಕ್ರೊಯೇಟರು. 1991ರಲ್ಲಿ, ಬೋಸ್ನಿಯಾ ಇನ್ನೂ ಯುಗೊಸ್ಲಾವಿಯಾದ ಭಾಗವಾಗಿದ್ದಾಗ, ಇಲ್ಲಿ ಸುಮಾರು 44 ಲಕ್ಷ ಜನರಿದ್ದರು. ಆಗ ಶೇ 5ಕ್ಕೂ ಹೆಚ್ಚು ಮಂದಿ ಗಣತಿಯವರ ಮುಂದೆ ತಮ್ಮನ್ನು ಬರೀ 'ಯುಗೊಸ್ಲಾವ್' ಎಂದು ಬರೆಸಿದ್ದರು.

ಯುಗೊಸ್ಲಾವಿಯಾವನ್ನು ಆಳಿದ ಕಮ್ಯುನಿಸ್ಟ್ ನಾಯಕ ಟಿಟೊ ಕಾಲದ ಬೋಸ್ನಿಯಾದಲ್ಲಿ ಕಾರ್ಖಾನೆ, ಫ್ಲ್ಯಾಟು, ಬಡ್ತಿ ಎಲ್ಲವೂ ಆಳುವ ಪಕ್ಷವಾದ ಕಮ್ಯುನಿಸ್ಟ್ ಲೀಗಿನ ಮೂಲಕವೇ ಬರಬೇಕಿತ್ತು. ರಾಜಕೀಯವೂ ವ್ಯವಹಾರವೂ ಎಷ್ಟು ಹೆಣೆದುಕೊಂಡಿದ್ದವು ಎಂಬುದಕ್ಕೆ 1987ರ ಅಗ್ರೊಕೊಮರ್ಸ್ ಹಗರಣವನ್ನು ನೋಡಬೇಕು. ವಾಯವ್ಯ ಮೂಲೆಯ ವೆಲಿಕಾ ಕ್ಲಾದುಶಾ ಎಂಬ ಸಣ್ಣ ಪಟ್ಟಣದಲ್ಲಿ ಫಿಕ್ರೆತ್ ಅಬ್ದಿಚ್ ಎಂಬ ಪಕ್ಷದ ಮನುಷ್ಯ ಕೋಳಿ ಸಾಕಣೆಯಿಂದ ದೊಡ್ಡ ಆಹಾರ ಕಂಪನಿಯನ್ನೇ ಕಟ್ಟಿದ್ದರು. ಆ ಕಂಪನಿ, ಬೆಂಬಲಕ್ಕೆ ಹಣವಿಲ್ಲದೆ ಬರೆದುಕೊಟ್ಟ ಸಾಲಪತ್ರಗಳ ಮೇಲೆ ನಿಂತಿದೆ ಎಂದು ಗೊತ್ತಾದಾಗ ಬೋಸ್ನಿಯಾದ ಪಕ್ಷದ ಮಾನವೇ ಹೋಯಿತು. ಯುಗೊಸ್ಲಾವಿಯಾದ ಉಪಾಧ್ಯಕ್ಷರಾಗಿದ್ದ ಹಮ್ದಿಯಾ ಪೊಜ್ದೆರಾಚ್ ರಾಜೀನಾಮೆ ಕೊಟ್ಟರು. ಆದರೆ ಊರಿಗೆ ರಸ್ತೆ, ಕೆಲಸ ತಂದವರು ಅಬ್ದಿಚ್ ತಾನೇ? 1990ರ ಚುನಾವಣೆಯಲ್ಲಿ ಅಧ್ಯಕ್ಷ ಮಂಡಳಿಗೆ ನಿಂತಾಗ ಅವರು ಮುಂದೆ ಯುದ್ಧಕಾಲದಲ್ಲಿ ದೇಶ ನಡೆಸಿದ ಅಲಿಯಾ ಇಜೆತ್‌ಬೆಗೊವಿಚ್‌ಗಿಂತ ಹೆಚ್ಚು ಮತ ಪಡೆದರು. 1992-95ರ ಯುದ್ಧದಲ್ಲಿ ರಾಜಧಾನಿ ಸರಾಯೆವೊದ ಸರ್ಕಾರದ ವಿರುದ್ಧವೇ ಸ್ವಾಯತ್ತ ಪ್ರದೇಶ ಘೋಷಿಸಿದರು. ಕ್ರೊಯೇಷಿಯಾದಲ್ಲಿ ಯುದ್ಧಾಪರಾಧಕ್ಕೆ ಜೈಲು ಅನುಭವಿಸಿ ಹೊರಬಂದ ಮೇಲೆ 2016ರಲ್ಲಿ ಅದೇ ಊರಿನ ಮೇಯರ್ ಆದರು. ಮುಸ್ಲಿಂ ನಾಯಕನೊಬ್ಬ ಮುಸ್ಲಿಂ ನೇತೃತ್ವದ ಸೇನೆಯ ವಿರುದ್ಧ ಹೋರಾಡಿದ ಈ ಕಥೆಗೆ 'ಹಳೆಯ ದ್ವೇಷ'ದ ಸಿದ್ಧಾಂತದಲ್ಲಿ ಜಾಗವೇ ಇಲ್ಲ.

1990ರ ನವೆಂಬರ್‌ನಲ್ಲಿ ಕಮ್ಯುನಿಸ್ಟರನ್ನು ಸೋಲಿಸಿದ್ದು ಮೂರು ಜನಾಂಗೀಯ ಪಕ್ಷಗಳು: ಮುಸ್ಲಿಮರ ಎಸ್‌ಡಿಎ, ಸರ್ಬರ ಎಸ್‌ಡಿಎಸ್, ಕ್ರೊಯೇಟರ ಎಚ್‌ಡಿಜೆಡ್. ಮೂವರೂ ಪರಸ್ಪರ ಹೊಂದಾಣಿಕೆಯಿಂದಲೇ ಗೆದ್ದರು. ಗೆದ್ದ ಮೇಲೆ ಮಂತ್ರಿಗಿರಿಯಿಂದ ಪೊಲೀಸ್ ಠಾಣೆಯವರೆಗೆ, ಕಂಪನಿ ನಿರ್ದೇಶಕರ ಹುದ್ದೆಗಳವರೆಗೆ ಹಂಚಿಕೊಳ್ಳಲು ಕೂತರು. ಗುಂಡು ಹಾರುವ ಮುಂಚೆಯೇ ಪಾಲು ಶುರುವಾಗಿತ್ತು ಎಂಬುದನ್ನು ಗಮನಿಸಬೇಕು.

ಯುದ್ಧದ ವಿವರಗಳು ಓದುಗರಿಗೆ ಹೊಸದಲ್ಲ. 1992ರ ಫೆಬ್ರುವರಿ-ಮಾರ್ಚ್‌ನ ಜನಮತಗಣನೆಯನ್ನು ಬಹುಪಾಲು ಸರ್ಬರು ಬಹಿಷ್ಕರಿಸಿದರು, ಏಪ್ರಿಲ್‌ನಲ್ಲಿ ಸ್ವತಂತ್ರ ಬೋಸ್ನಿಯಾಕ್ಕೆ ಮಾನ್ಯತೆ ಸಿಕ್ಕಿತು, ಸರಾಯೆವೊಗೆ ಮುತ್ತಿಗೆ ಬಿತ್ತು. ಅದು 1,425 ದಿನ ನಡೆಯಿತು. ವಿಶ್ವಸಂಸ್ಥೆ ಹಿಂದಿನ ಯುಗೊಸ್ಲಾವಿಯಾಕ್ಕೆ ಕಳಿಸಿದ ಶಾಂತಿಪಡೆಯ ಮೊದಲ ದಂಡನಾಯಕ ಭಾರತದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್ ಎಂಬುದು ನಮ್ಮಲ್ಲಿ ಅನೇಕರಿಗೆ ಮರೆತೇಹೋಗಿದೆ. ಸುಮಾರು 1 ಲಕ್ಷ ಜನ ಸತ್ತರು, 20 ಲಕ್ಷದಷ್ಟು ಮಂದಿ ಮನೆ ಬಿಟ್ಟರು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ ಸರ್ಬ್ ಪಡೆಗಳು 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದವು. ಅದನ್ನು ಅಂತರರಾಷ್ಟ್ರೀಯ ನ್ಯಾಯಾಲಯಗಳು ನರಮೇಧವೆಂದೇ ತೀರ್ಪಿತ್ತಿವೆ. ಇಲ್ಲಿ ಎರಡೂ ಕಡೆಯವರದು ತಪ್ಪಿದೆ ಎಂಬ ಜಾರಿಕೆ ಮಾತಿಗೆ ಅವಕಾಶವಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಡೇಟನ್ ವಾಯುನೆಲೆಯಲ್ಲಿ ಕೂಡಿಹಾಕಿ ಮಾತಾಡಿಸಿ, ಡಿಸೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ಸಹಿ ಹಾಕಿಸಿದ ಒಪ್ಪಂದ ಯುದ್ಧ ನಿಲ್ಲಿಸಿತು. ಇವತ್ತಿಗೂ ಬೋಸ್ನಿಯಾದ ಸಂವಿಧಾನವೆಂದರೆ ಆ ಒಪ್ಪಂದದ 4ನೇ ಅನುಬಂಧ. ಜನ ಅದಕ್ಕೆ ಮತ ಹಾಕಿಲ್ಲ, ಸಂವಿಧಾನ ಸಭೆ ಅದನ್ನು ಚರ್ಚಿಸಿಲ್ಲ. ದೇಶದೊಳಗೆ ಎರಡು ಘಟಕಗಳಾದವು. ಶೇ 49 ನೆಲ ಸರ್ಬರ 'ರಿಪಬ್ಲಿಕಾ ಸರ್ಪ್ಸ್ಕಾ'ಕ್ಕೆ, ಶೇ 51 ಬೋಸ್ನಿಯಾಕ್-ಕ್ರೊಯೇಟ್ ಫೆಡರೇಷನ್ನಿಗೆ. ಫೆಡರೇಷನ್ನಿನೊಳಗೆ ಮತ್ತೆ 10 ಕ್ಯಾಂಟನ್‌ಗಳು, ಪ್ರತಿಯೊಂದಕ್ಕೂ ತನ್ನದೇ ಸರ್ಕಾರ. ಪಕ್ಕದಲ್ಲಿ ಬ್ರಚ್ಕೊ ಎಂಬ ಪ್ರತ್ಯೇಕ ಜಿಲ್ಲೆ. ಎಲ್ಲ ಸೇರಿದರೆ 35 ಲಕ್ಷ ಜನರಿಗೆ 14 ಸರ್ಕಾರ.

ಮೇಲೆ ರಾಷ್ಟ್ರಾಧ್ಯಕ್ಷರು ಮೂವರು. ಬೋಸ್ನಿಯಾಕ್ ಮತ್ತು ಕ್ರೊಯೇಟ್ ಸದಸ್ಯರು ಫೆಡರೇಷನ್ನಿನಿಂದ, ಸರ್ಬ್ ಸದಸ್ಯರು ಸರ್ಪ್ಸ್ಕಾದಿಂದ ಆರಿಸಿ ಬರಬೇಕು. ಎಂಟು ತಿಂಗಳಿಗೊಬ್ಬರಂತೆ ಅಧ್ಯಕ್ಷತೆ. ಸಂಸತ್ತಿನ ಕೆಳಮನೆಯ 42 ಸದಸ್ಯರಲ್ಲಿ 14 ಮಂದಿ ಸರ್ಪ್ಸ್ಕಾದವರು, ಅವರಲ್ಲಿ 10 ಜನ ಬೇಡವೆಂದರೆ ಯಾವ ಮಸೂದೆಯೂ ಮುಂದೆ ಹೋಗದು. ಮೇಲ್ಮನೆಯಲ್ಲಿ ಮೂರೂ ಸಮುದಾಯಗಳಿಗೆ ತಲಾ 5 ಸ್ಥಾನ. ಅಲ್ಲಿ ಸಭೆ ಸೇರಬೇಕಾದರೆ ಪ್ರತಿ ಸಮುದಾಯದ ಕನಿಷ್ಠ ಮೂವರು ಹಾಜರಿರಬೇಕು. ಅಂದರೆ ಒಂದು ಸಮುದಾಯದ ಮೂವರು ಅವತ್ತು ಮನೆಯಲ್ಲೇ ಉಳಿದರೆ ಇಡೀ ದೇಶದ ಶಾಸನ ಕಾರ್ಯ ನಿಂತಿತು. ವಾದ ಮಾಡುವುದು ಬೇಡ, ಮತ ಹಾಕುವುದೂ ಬೇಡ.

ಯುದ್ಧ ಮುಗಿದ ವರ್ಷ ಇಂಥ ಭದ್ರತೆ ಬೇಕಿತ್ತು, ಅದನ್ನು ಒಪ್ಪುತ್ತೇನೆ. ತಮ್ಮನ್ನು ಸಂಖ್ಯೆಯ ಬಲದಿಂದ ತುಳಿಯುತ್ತಾರೆಂಬ ಭಯ ಯಾರದೂ ಸುಳ್ಳಾಗಿರಲಿಲ್ಲ. ಆದರೆ ಈ ತಡೆಹಕ್ಕು ಸಮುದಾಯದ ಕೈಗೆ ಬರಲಿಲ್ಲ, ಆ ಸಮುದಾಯದ ಹೆಸರಿನಲ್ಲಿ ಮಾತಾಡುವ ಪಕ್ಷದ ಕೈಗೆ ಬಂತು. ಅಲ್ಲಿಂದ ಅದು ಹೇಗೆ ಸಂಪಾದನೆಯ ಹಾದಿಯಾಯಿತು ಎಂಬುದು ವಿದ್ಯುತ್ ಬಿಲ್ಲಿನಲ್ಲೇ ಗೊತ್ತಾಗುತ್ತದೆ. ಯುಗೊಸ್ಲಾವ್ ಕಾಲದಲ್ಲಿ ಬೋಸ್ನಿಯಾಕ್ಕೆ ಒಂದೇ ವಿದ್ಯುತ್ ಸಂಸ್ಥೆಯಿತ್ತು. ಈಗ ಮೂರಿವೆ: ಸರಾಯೆವೊದಲ್ಲಿ ಒಂದು, ಮೊಸ್ತಾರ್‌ನಲ್ಲಿ ಕ್ರೊಯೇಟರದೊಂದು, ತ್ರೆಬಿನ್ಯೆಯಲ್ಲಿ ಸರ್ಬರದೊಂದು. ನಮ್ಮ ಬೆಸ್ಕಾಂ, ಹೆಸ್ಕಾಂಗಳಂತೆ ಆಡಳಿತದ ಅನುಕೂಲಕ್ಕೆ ಮಾಡಿದ ವಿಭಾಗ ಇದಲ್ಲ. ಮೂರಕ್ಕೂ ಮೂರು ರಾಜಕೀಯ ಯಜಮಾನರು. ಅಂಚೆಯೂ ಹಾಗೆಯೇ, ಟೆಲಿಫೋನೂ ಹಾಗೆಯೇ; ಸರ್ಪ್ಸ್ಕಾದ ಟೆಲಿಕಾಂ ಅನ್ನು 2007ರಲ್ಲಿ ಸರ್ಬಿಯಾದ ಸರ್ಕಾರಿ ಕಂಪನಿ ಕೊಂಡಿತು. ಈ ಕಂಪನಿಗಳಲ್ಲಿ ಕೆಲಸ ಬೇಕೆಂದರೆ ಪಕ್ಷದ ಸಂಬಂಧ ಬೇಕು. ಹಿಂದೆ ಒಂದೇ ಬಣ್ಣದ ಪಕ್ಷದ ಕಾರ್ಡು ಇತ್ತು, ಈಗ ಮೂರು ಬಣ್ಣದವು.

ಈ ಮೂರರಲ್ಲಿ ಯಾವುದಕ್ಕೂ ಸೇರದವರ ಕಥೆ ಬೇರೆ. ಸಂವಿಧಾನ ಅವರನ್ನು 'ಇತರರು' ಎನ್ನುತ್ತದೆ. ರೋಮಾ ಸಮುದಾಯದ ದೆರ್ವೊ ಸೆಯ್ದಿಚ್, ಯಹೂದಿ ಸಮುದಾಯದ ಯಾಕೊಬ್ ಫಿನ್ಸಿ ಇಬ್ಬರೂ ತಮ್ಮದೇ ದೇಶದ ಅಧ್ಯಕ್ಷ ಮಂಡಳಿಗೆ ನಿಲ್ಲುವಂತಿಲ್ಲ. ಇದು ತಾರತಮ್ಯವೆಂದು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ 2009ರ ಡಿಸೆಂಬರ್‌ನಲ್ಲೇ ಹೇಳಿತು. ಸರ್ಪ್ಸ್ಕಾದಲ್ಲಿ ವಾಸಿಸುವ ಬೋಸ್ನಿಯಾಕರೂ ಫೆಡರೇಷನ್ನಿನ ಸರ್ಬರೂ ಸ್ಪರ್ಧಿಸಲಾಗದು ಎಂಬ ಬಗ್ಗೆ ಮತ್ತೆರಡು ತೀರ್ಪು ಬಂದವು. ಒಂದೂ ಜಾರಿಯಾಗಿಲ್ಲ. ತಿದ್ದುಪಡಿ ಮಾಡಬೇಕಾದವರು ಆ ನಿಯಮದಿಂದಲೇ ಗೆದ್ದು ಬಂದವರು!

ಇನ್ನು ಹೈ ರೆಪ್ರೆಸೆಂಟೇಟಿವ್ ಎಂಬ ವಿಚಿತ್ರ ಹುದ್ದೆ. ಒಪ್ಪಂದ ಜಾರಿಯಾಗುವುದನ್ನು ನೋಡಿಕೊಳ್ಳಲು ಹೊರಗಿನ ದೇಶಗಳು ನೇಮಿಸುವ ಪ್ರತಿನಿಧಿ. 1997ರ ಡಿಸೆಂಬರ್‌ನಲ್ಲಿ ಬಾನ್ ನಗರದ ಸಭೆ ಇವರಿಗೆ ಕಾನೂನು ಹೇರುವ, ಚುನಾಯಿತರನ್ನು ಕಿತ್ತುಹಾಕುವ ಅಧಿಕಾರ ಕೊಟ್ಟಿತು. ದೇಶದ ಬಾವುಟ ಈ ಕಚೇರಿ ಹೇರಿದ್ದು. ಕಾರಿನ ನಂಬರ್ ಪ್ಲೇಟೂ ಅಷ್ಟೇ. 1998ರವರೆಗೆ ಪ್ಲೇಟು ನೋಡಿದರೆ ಕಾರು ಯಾವ ಕಡೆಯದೆಂದು ಗೊತ್ತಾಗುತ್ತಿತ್ತು, ಹೆದರಿಕೆಯಿಂದ ಘಟಕಗಳ ನಡುವಿನ ಗಡಿರೇಖೆ ದಾಟುವವರು ಕಡಿಮೆ. ಆಗ ಲ್ಯಾಟಿನ್, ಸಿರಿಲಿಕ್ ಎರಡೂ ಲಿಪಿಯಲ್ಲಿ ಒಂದೇ ರೂಪದ ಅಕ್ಷರಗಳನ್ನಷ್ಟೇ ಆರಿಸಿ, ಊರಿನ ಗುರುತಿಲ್ಲದ ಪ್ಲೇಟು ತಂದರು. ಜನರ ಓಡಾಟ ಒಮ್ಮೆಲೇ ಹೆಚ್ಚಿತು. ಡೇಟನ್ ನಂತರದ ಎಲ್ಲ ಸುಧಾರಣೆಗಳಲ್ಲಿ ನನಗೆ ಅತಿ ಜಾಣತನದ್ದೆನಿಸುವುದು ಈ ಪ್ಲೇಟೇ. ಜರ್ಮನ್ ಮಾರ್ಕಿಗೆ ಕಟ್ಟಿದ ನಾಣ್ಯ ಬಂತು. ಇಂದಿಗೂ ಅದು ಯೂರೊಗೆ ಕಟ್ಟಿಕೊಂಡು ಗಟ್ಟಿಯಾಗಿದೆ. ಮೂರು ಸೇನೆಗಳು ಒಂದಾದವು, 2006ರಲ್ಲಿ ದೇಶಕ್ಕೆಲ್ಲ ಒಂದೇ ಶೇ 17ರ ವ್ಯಾಟ್ ಬಂತು. ರಾಷ್ಟ್ರಗೀತೆಗೆ ಮಾತ್ರ ಇವತ್ತಿಗೂ ಅಧಿಕೃತ ಸಾಹಿತ್ಯವಿಲ್ಲ, ಬರೀ ಸಂಗೀತ.

ಇದರ ಬೆಲೆಯೂ ಇತ್ತು. ಬ್ರಿಟನ್ನಿನ ಪ್ಯಾಡಿ ಆಶ್‌ಡೌನ್ ಈ ಹುದ್ದೆಯಲ್ಲಿದ್ದಾಗ 2004ರಲ್ಲಿ ಸುಮಾರು 60 ಸರ್ಬ್ ಅಧಿಕಾರಿಗಳನ್ನೂ ರಾಜಕಾರಣಿಗಳನ್ನೂ ಒಂದೇ ದಿನ ವಜಾ ಮಾಡಿದರು. ಕಷ್ಟದ ನಿರ್ಧಾರ ಯಾರೋ ವಿದೇಶಿಯದು ಎಂದಾದ ಮೇಲೆ ಸ್ಥಳೀಯ ನಾಯಕರಿಗೆ ರಾಜಿ ಮಾಡಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಒಪ್ಪದೆ ಕೂತರೆ ಮತದಾರರ ಮುಂದೆ ವೀರ, ಕಾನೂನು ಹೇಗೂ ಬರುತ್ತದೆ.

2006ರಲ್ಲಿ ಬಾಗಿಲು ತುಸು ತೆರೆದಿತ್ತು. ಮೂವರ ಬದಲು ಒಬ್ಬ ಅಧ್ಯಕ್ಷ, ಗಟ್ಟಿ ಮಂತ್ರಿಮಂಡಲ ಎಂಬ ಸಂವಿಧಾನ ತಿದ್ದುಪಡಿ ಏಪ್ರಿಲ್‌ನಲ್ಲಿ ಕೆಳಮನೆಗೆ ಬಂತು. ಬೇಕಿದ್ದದ್ದು 28 ಮತ, ಬಿದ್ದದ್ದು 26. ಅದನ್ನು ಬೀಳಿಸುವಲ್ಲಿ ಮುಂದಿದ್ದವರು ಬೋಸ್ನಿಯಾಕ್ ನಾಯಕ ಹಾರಿಸ್ ಸಿಲಾಯ್ದ್ಜಿಚ್. ಅವರಿಗೆ ಇದು ಸಾಲದಾಗಿತ್ತು, ಘಟಕಗಳೇ ಹೋಗಬೇಕಿತ್ತು. ಅದೇ ಶರತ್ಕಾಲದ ಚುನಾವಣೆಯಲ್ಲಿ ಅವರು ಒಂದು ಕಡೆ, ಪ್ರತ್ಯೇಕ ಜನಮತಗಣನೆಯ ಮಾತೆತ್ತಿದ ದೊಡಿಕ್ ಇನ್ನೊಂದು ಕಡೆ, ಇಬ್ಬರೂ ಭರ್ಜರಿಯಾಗಿ ಗೆದ್ದರು. ಒಬ್ಬರ ಭಾಷಣ ಇನ್ನೊಬ್ಬರಿಗೆ ಮತ ತರುತ್ತಿತ್ತು.

ದೊಡಿಕ್ 1998ರಲ್ಲಿ ಮೊದಲ ಸಲ ಸರ್ಪ್ಸ್ಕಾದ ಪ್ರಧಾನಿಯಾದದ್ದು ಪಶ್ಚಿಮದ ಬೆಂಬಲದಿಂದ. ಯುದ್ಧಕಾಲದ ಸರ್ಬ್ ಪಕ್ಷಕ್ಕೆ ಪರ್ಯಾಯವೆಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಮೆಡಲೀನ್ ಆಲ್‌ಬ್ರೈಟ್ ಅವರನ್ನು ಹೊಗಳಿದ್ದರು. 2006ರ ನಂತರ ಆ ಮನುಷ್ಯ ಬೇರೆಯೇ ಆದರು. ಸಂವಿಧಾನಬಾಹಿರ ಎಂದು ನ್ಯಾಯಾಲಯ ಹೇಳಿದರೂ ಜನವರಿ 9ನ್ನು ಸರ್ಪ್ಸ್ಕಾ ದಿನವಾಗಿ ಆಚರಿಸಲು 2016ರಲ್ಲಿ ಜನಮತ ತೆಗೆದುಕೊಂಡರು. 2021ರಲ್ಲಿ ಜರ್ಮನಿಯ ಕ್ರಿಸ್ಟಿಯಾನ್ ಶ್ಮಿಟ್ ಹೈ ರೆಪ್ರೆಸೆಂಟೇಟಿವ್ ಆಗಿ ಬಂದಾಗ ಅವರ ನೇಮಕವನ್ನೇ ಒಪ್ಪಲಿಲ್ಲ. ರಷ್ಯಾ, ಚೀನಾಗಳೂ ಒಪ್ಪಲಿಲ್ಲ. 2023ರಲ್ಲಿ ಶ್ಮಿಟ್ ಆದೇಶಗಳೂ ಸಂವಿಧಾನ ನ್ಯಾಯಾಲಯದ ತೀರ್ಪುಗಳೂ ತಮ್ಮ ನೆಲದಲ್ಲಿ ನಡೆಯುವುದಿಲ್ಲವೆಂಬ ಕಾನೂನುಗಳಿಗೆ ಸಹಿ ಹಾಕಿದರು. ಶ್ಮಿಟ್ ಅದನ್ನೇ ಅಪರಾಧವೆಂದು ಸಾರಿದ್ದರು. ಆರಂಭದಲ್ಲಿ ಹೇಳಿದ ಶಿಕ್ಷೆ ಇದಕ್ಕೆ. ಚುನಾಯಿತರಲ್ಲದ ವಿದೇಶಿಯೊಬ್ಬರು ಬರೆದ ಕಲಮಿನಡಿ ಚುನಾಯಿತ ನಾಯಕನಿಗೆ ಶಿಕ್ಷೆಯಾದದ್ದು ದೊಡಿಕ್ ವಿರೋಧಿಗಳಿಗೂ ನುಂಗಲಾರದ ತುತ್ತು. ಆದರೆ ಕಲಮನ್ನು ಸ್ಥಳೀಯ ಸಂಸತ್ತು ಬರೆಯಲು ಬಿಡದಿದ್ದವರೂ ದೊಡಿಕ್ಕೇ.

ಕ್ರೊಯೇಟರ ಅಹವಾಲು ಕಡಿಮೆ ಕೇಳಿಸುತ್ತದೆ, ಆದರೆ ಹುರುಳಿಲ್ಲದ್ದಲ್ಲ. ಫೆಡರೇಷನ್ನಿನಲ್ಲಿ ಬೋಸ್ನಿಯಾಕರ ಸಂಖ್ಯೆ ದೊಡ್ಡದು, ಯಾವ ಮತದಾರನೂ ಕ್ರೊಯೇಟ್ ಸ್ಥಾನಕ್ಕೆ ಮತ ಹಾಕಬಹುದು. ಹಾಗಾಗಿ ಝೆಲ್ಕೊ ಕೊಮ್ಶಿಚ್ 2006, 2010, 2018, 2022ರಲ್ಲಿ ಬಹುತೇಕ ಬೋಸ್ನಿಯಾಕ್ ಮತಗಳಿಂದ ಕ್ರೊಯೇಟ್ ಸದಸ್ಯರಾದರು. ಕೊಮ್ಶಿಚ್ ಜನಾಂಗ ನೋಡದ ಪೌರತ್ವದ ಪರ. ಎಚ್‌ಡಿಜೆಡ್ ನಾಯಕ ದ್ರಾಗಾನ್ ಚೊವಿಚ್‌ಗೆ ಅದು ತಮ್ಮ ಸ್ಥಾನದ ಕಳವು. ಇವರ ಮೊಸ್ತಾರ್ ನಗರದಲ್ಲಿ ನಿಯಮದ ಜಗಳ ಬಗೆಹರಿಯದೆ 2008ರಿಂದ 2020ರವರೆಗೆ ನಗರಸಭೆ ಚುನಾವಣೆಯೇ ನಡೆಯಲಿಲ್ಲ. ಇರ್ಮಾ ಬರಾಲಿಯಾ ಎಂಬ ಅಧ್ಯಾಪಕಿ ಸ್ಟ್ರಾಸ್‌ಬರ್ಗ್‌ಗೆ ಹೋಗಿ ಗೆದ್ದ ಮೇಲೆಯೇ ಮತಪೆಟ್ಟಿಗೆ ಹೊರಬಂದದ್ದು. ಆ ಹನ್ನೆರಡು ವರ್ಷ ಊರನ್ನು ಎರಡು ದೊಡ್ಡ ಪಕ್ಷಗಳು ಸದ್ದಿಲ್ಲದೆ ನಡೆಸಿದವು.

ಇಂಥ ದೇಶಕ್ಕೆ ವಿದೇಶಾಂಗ ನೀತಿ ಹೇಗಿರುತ್ತದೆ? ಕಾಗದದ ಮೇಲೆ ಅದು ಮೂವರು ಅಧ್ಯಕ್ಷರ ಸಹಮತ. ನಡೆಯುವುದು ಬೇರೆ: ಪ್ರತಿ ಹೊರಶಕ್ತಿಗೂ ಒಳಗೊಬ್ಬ ಬಾಗಿಲು ತೆರೆಯುವವನಿದ್ದಾನೆ. ಮಾಸ್ಕೊ ಮತ್ತು ಬೆಲ್‌ಗ್ರೇಡಿಗೆ ಸರ್ಪ್ಸ್ಕಾದ ಆಡಳಿತ ಕೇಂದ್ರವಾದ ಬಾನ್ಯಾ ಲೂಕಾದಲ್ಲಿ, ಟರ್ಕಿಯ ಅಂಕಾರಾಗೆ ಸರಾಯೆವೊದಲ್ಲಿ, ಕ್ರೊಯೇಷಿಯಾದ ಜಾಗ್ರೆಬ್‌ಗೆ ಮೊಸ್ತಾರ್‌ನಲ್ಲಿ. ಕ್ರೊಯೇಷಿಯಾ ಯುರೋಪಿಯನ್ ಒಕ್ಕೂಟದ ಸದಸ್ಯ, ಬೋಸ್ನಿಯಾದ ಬಹುಪಾಲು ಕ್ರೊಯೇಟರಿಗೆ ಅದರ ಪಾಸ್‌ಪೋರ್ಟೂ ಇದೆ. 2022ರ ಮಾರ್ಚ್‌ನಲ್ಲಿ ಉಕ್ರೇನ್ ದಾಳಿ ಖಂಡಿಸುವ ನಿರ್ಣಯಕ್ಕೆ ವಿಶ್ವಸಂಸ್ಥೆಯಲ್ಲಿ ಬೋಸ್ನಿಯಾದ ರಾಯಭಾರಿ ಪರ ಮತ ಹಾಕಿದರೆ, ಇದು ನಮ್ಮ ಒಪ್ಪಿಗೆಯಲ್ಲವೆಂದು ಆಗ ಅಧ್ಯಕ್ಷ ಮಂಡಳಿಯಲ್ಲಿದ್ದ ದೊಡಿಕ್ ಹೇಳಿದರು. ಸರ್ಬರು ಒಪ್ಪದ್ದರಿಂದ, ಸರ್ಬಿಯಾದಿಂದ ಬೇರೆಯಾದ ಕೊಸೊವೊಗೆ ಮಾನ್ಯತೆಯಿಲ್ಲ. ನ್ಯಾಟೊ ಸದಸ್ಯತ್ವದ ಹಾದಿ 2010ರಲ್ಲಿ ತೆರೆಯಿತು; ಸರ್ಪ್ಸ್ಕಾ 2017ರಲ್ಲಿ ಸೇನಾ ತಾಟಸ್ಥ್ಯ ಸಾರಿತು. 2024ರ ಮೇ 23ರಂದು ಸ್ರೆಬ್ರೆನಿತ್ಸಾ ಸ್ಮರಣೆಯ ದಿನಕ್ಕೆ ವಿಶ್ವಸಂಸ್ಥೆ ಮಹಾಸಭೆ ಮತ ಹಾಕಿದಾಗ 84 ಪರ, 19 ವಿರುದ್ಧ, ಭಾರತವೂ ಸೇರಿ 68 ದೇಶ ತಟಸ್ಥ. ಆ ನಿರ್ಣಯದ ವಿರುದ್ಧ ಅತಿ ಜೋರಾಗಿ ಓಡಾಡಿದವರಲ್ಲಿ ಬೋಸ್ನಿಯಾದ್ದೇ ಒಂದು ಭಾಗದ ಸರ್ಕಾರವಿತ್ತು.

ಅನಿಲದ ವಿಷಯದಲ್ಲಿ ಆಟ ಇನ್ನೂ ಬಿಚ್ಚಿಕೊಳ್ಳುತ್ತದೆ. ದೇಶಕ್ಕೆ ಬರುವ ಅನಿಲವೆಲ್ಲ ಸರ್ಬಿಯಾ ಮೂಲಕ ಬರುವ ರಷ್ಯಾದ್ದು. ಕ್ರೊಯೇಷಿಯಾದಿಂದ ಮತ್ತೊಂದು ಕೊಳವೆ ಎಳೆಯುವ ಯೋಜನೆಗೆ ಅಮೆರಿಕದ ಒತ್ತಾಸೆಯಿದೆ. ದೊಡಿಕ್ ಅಡ್ಡಗಾಲು ಹಾಕಿದ್ದರೆ ಅರ್ಥವಾಗುತ್ತಿತ್ತು. ಆದರೆ ಫೆಡರೇಷನ್ನಿನಲ್ಲಿ ಅದನ್ನು ವರ್ಷಗಟ್ಟಲೆ ನಿಲ್ಲಿಸಿದ್ದು ಚೊವಿಚ್ ಪಕ್ಷ, ಕೊಳವೆಯ ಒಡೆತನ ಸರಾಯೆವೊದ ಕಂಪನಿಗೆ ಬೇಡ, ಮೊಸ್ತಾರ್‌ನಲ್ಲಿ ಹೊಸ ಕಂಪನಿ ಬೇಕು ಎಂದು. ಇನ್ನೊಂದು ನಿರ್ದೇಶಕ ಮಂಡಳಿಗಾಗಿ ಒಂದು ದೇಶದ ಇಂಧನ ಭದ್ರತೆ ಕಾಯಿತು.

ಬ್ರಸೆಲ್ಸ್ ಏನು ಮಾಡಿತು ಎಂದರೆ, ಷರತ್ತು ಹಾಕಿತು, ಆಮೇಲೆ ಷರತ್ತು ಸಡಿಲಿಸಿತು. 2016ರಲ್ಲಿ ಬೋಸ್ನಿಯಾ ಯುರೋಪಿಯನ್ ಒಕ್ಕೂಟ ಸೇರಲು ಅರ್ಜಿ ಹಾಕಿತ್ತು. 2019ರಲ್ಲಿ 14 ಆದ್ಯತೆಗಳ ಪಟ್ಟಿ ಕೈಗಿತ್ತರು. ಅವು ಪೂರ್ತಿಯಾಗುವ ಮುಂಚೆಯೇ, ಉಕ್ರೇನ್ ಯುದ್ಧದ ನೆರಳಿನಲ್ಲಿ, 2022ರ ಡಿಸೆಂಬರ್‌ನಲ್ಲಿ ಅಭ್ಯರ್ಥಿ ದೇಶವೆಂದರು, 2024ರ ಮಾರ್ಚ್‌ನಲ್ಲಿ ಮಾತುಕತೆ ಆರಂಭಿಸಲು ಒಪ್ಪಿದರು. ಏನೂ ಮಾಡದಿದ್ದರೂ ಮೆಟ್ಟಿಲು ಸಿಗುತ್ತದೆಂಬ ಪಾಠವನ್ನು ಮೂರೂ ಕಡೆಯ ನಾಯಕರು ಬೇಗ ಕಲಿತರು.

ಜನ ಸುಮ್ಮನಿದ್ದರೇ ಎಂದರೆ, ಇಲ್ಲ. 2013ರಲ್ಲಿ ಗುರುತಿನ ಸಂಖ್ಯೆಯ ಕಾನೂನು ಘಟಕಗಳ ಜಗಳದಲ್ಲಿ ಸಿಕ್ಕಿ ಬಿದ್ದುಹೋಯಿತು. ಹೊಸದಾಗಿ ಹುಟ್ಟಿದ ಮಕ್ಕಳಿಗೆ ಸಂಖ್ಯೆಯಿಲ್ಲ, ಸಂಖ್ಯೆಯಿಲ್ಲದೆ ಪಾಸ್‌ಪೋರ್ಟಿಲ್ಲ, ಹೊರದೇಶದಲ್ಲಿ ಚಿಕಿತ್ಸೆಯಿಲ್ಲ. ಕೈಗೂಸುಗಳೊಂದಿಗೆ ತಾಯಂದಿರು ಸರಾಯೆವೊದಲ್ಲಿ ಸಂಸತ್ ಭವನವನ್ನು ಸುತ್ತುವರಿದರು. 2014ರ ಫೆಬ್ರುವರಿಯಲ್ಲಿ ತುಜ್ಲಾದಲ್ಲಿ, ಖಾಸಗೀಕರಣದ ಹೆಸರಿನಲ್ಲಿ ಬರಿದಾದ ಕಾರ್ಖಾನೆಗಳ ಕಾರ್ಮಿಕರು ಸಂಬಳ, ಪಿಂಚಣಿ ಕೇಳುತ್ತ ಬೀದಿಗಿಳಿದರು, ಹಲವು ಊರುಗಳಲ್ಲಿ ಸಾರ್ವಜನಿಕ ಸಭೆಗಳು ಕೂಡಿದವು. ಯಾಯ್ತ್ಸೆಯಲ್ಲಿ ಶಾಲಾ ಮಕ್ಕಳು ತಮ್ಮನ್ನು ಜನಾಂಗವಾರು ಬೇರೆ ಶಾಲೆಗಳಿಗೆ ಹಂಚುವ ಯೋಜನೆಯನ್ನು ಹೋರಾಡಿ ನಿಲ್ಲಿಸಿದರು. 'ಒಂದೇ ಸೂರಿನಡಿ ಎರಡು ಶಾಲೆ' ಎಂಬ ಪದ್ಧತಿ ಮಾತ್ರ ಬೇರೆಡೆ ಮುಂದುವರಿದಿದೆ. ಮಿಕ್ಕವರ ಪ್ರತಿಭಟನೆ ಸರಳ: ಜರ್ಮನಿಗೆ, ಆಸ್ಟ್ರಿಯಾಗೆ ಬಸ್ಸು ಹತ್ತುವುದು. ಸಿಟ್ಟಾದ ಮತದಾರ ಊರು ಬಿಟ್ಟರೆ ಪಕ್ಷಗಳಿಗೆ ತೊಂದರೆಗಿಂತ ಅನುಕೂಲವೇ ಹೆಚ್ಚು.

ಹೈ ರೆಪ್ರೆಸೆಂಟೇಟಿವ್ ಕಚೇರಿ ಮುಚ್ಚಬೇಕೆಂದು ಎಲ್ಲರೂ ಹೇಳುತ್ತಾರೆ. ಅದಕ್ಕೆ ಐದು ಗುರಿ, ಎರಡು ಷರತ್ತು ಎಂದು ಮೇಲ್ವಿಚಾರಣೆಯ ದೇಶಗಳು 2008ರಲ್ಲೇ ಬರೆದಿಟ್ಟಿವೆ. ಅವುಗಳಲ್ಲಿ ಮೊದಲನೆಯದು ಸರ್ಕಾರಿ ಆಸ್ತಿಯ ಹಂಚಿಕೆ: ಯುಗೊಸ್ಲಾವ್ ಕಾಲದ ಕಾಡು, ಸೇನಾ ಬ್ಯಾರಕ್ಕು, ನದಿ ದಡ, ಕಟ್ಟಡಗಳು ಯಾರಿಗೆ ಸೇರಬೇಕು ಎಂಬುದು. 2005ರಲ್ಲಿ ಆಶ್‌ಡೌನ್ ಅವುಗಳ ಮಾರಾಟಕ್ಕೆ ತಡೆ ಹಾಕಿದ್ದರು, ಆ ತಡೆ ಇನ್ನೂ ತೆರವಾಗಿಲ್ಲ. ಆಸ್ತಿ ದೇಶದ್ದೆಂದು ಸಂವಿಧಾನ ನ್ಯಾಯಾಲಯ ಹೇಳುತ್ತದೆ, ಘಟಕದ್ದೆಂದು ಬಾನ್ಯಾ ಲೂಕಾ ಹೇಳುತ್ತದೆ. ನ್ಯಾಟೊಗೆ ಬೇಕಿದ್ದ ಸೇನಾ ಆಸ್ತಿಯ ನೋಂದಣಿ ಸಿಕ್ಕಿಕೊಂಡದ್ದೂ ಇಲ್ಲೇ. 2026ರ ಅಕ್ಟೋಬರ್ ಮತದಾನಕ್ಕೆ ಸಜ್ಜಾಗುತ್ತಿರುವ ಪಕ್ಷಗಳ ಭಾಷಣದಲ್ಲಿ ಪ್ರತ್ಯೇಕತೆಯೂ ಇರುತ್ತದೆ, ಏಕತೆಯೂ ಇರುತ್ತದೆ. ನೋಡಬೇಕಾದದ್ದು ಆ ಕಾಡು-ಬ್ಯಾರಕ್ಕುಗಳ ಕಾನೂನನ್ನು ಯಾರು ಸಂಸತ್ತಿಗೆ ತರುತ್ತಾರೆ, ಅವತ್ತು ಮೇಲ್ಮನೆಯ ಯಾವ ಮೂವರು ಗೈರುಹಾಜರಾಗುತ್ತಾರೆ ಎಂಬುದನ್ನು.